ಬರ್ತೀನಿ ಅಂದವಳು

ರಾಜಕೀಯ ಶುರುವಾಗುವುದು ಎಲ್ಲಿಂದ ಎಂಬ ಪ್ರಶ್ನೆ ವೇಣಿಯ ತಲೆ ಕೊರೆಯುತ್ತಿತ್ತು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ್ದಳು. ಆದರೆ ಪಟ್ಟಂದೂರು ಅಗ್ರಹಾರದ ಒಂದು ಮನೆಯ ಗೇಟು ತೆಗೆದು ಒಳಗೆ ಹೋದವರು ನಿಂತೇ ಮಾತಾಡುತ್ತಾರೋ ಕುಳಿತುಕೊಳ್ಳುತ್ತಾರೋ, ಅದನ್ನು ಯಾವ ಪುಸ್ತಕವೂ ಹೇಳಿರಲಿಲ್ಲ.

ವಾರ್ಡು ಮಹಿಳೆಗೆ ಮೀಸಲು ಎಂಬ ಸುದ್ದಿ ಬಂದದ್ದೇ ತಡ, ಬಸ್ ನಿಲ್ದಾಣದ ಮೇಲೆ ಊರಿನ ಪುಢಾರಿ ಲಕ್ಷ್ಮಣಪ್ಪನ ಹೆಂಡತಿಯ ಫ್ಲೆಕ್ಸು ಎದ್ದಿತು. ಅದರಲ್ಲಿ ಹೆಂಡತಿಗಿಂತ ಗಂಡನ ಫೋಟೋ ದೊಡ್ಡದು. ಅದನ್ನು ನೋಡಿದ ಸಂಜೆಯೇ ವೇಣಿ ತಾನೂ ನಿಲ್ಲುವುದೆಂದು ಬಸಕ್ಕನ ಮನೆಗೆ ಹೋದಳು. ಊರು ಇನ್ನೂ ಪಂಚಾಯ್ತಿಯಾಗಿದ್ದ ಕಾಲದಲ್ಲಿ ನಿಂತಾಗಲೆಲ್ಲ ಗೆದ್ದವಳು ಬಸಕ್ಕ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ಹೆಂಗೆ ಶುರು ಮಾಡೋದು ಬಸಕ್ಕ?"

"ಮೊದ್ಲು ಕುಂತ್ಕೊಂಡು ಕಾಯಿ ಬುಡ್ಸು. ನಿಂತ್ಕೊಂಡು ಪ್ರಶ್ನೆ ಕೇಳೋರ್ಗೆ ಯಾರೂ ಓಟಾಕಲ್ಲ."

ಮರುದಿನದಿಂದ ಇಬ್ಬರೂ ಮನೆಮನೆ ತಿರುಗಿದರು. ಬಸಕ್ಕ ಮೊದಲು ಮನೆ ಮುಂದಿನ ಮೋರಿ ನೋಡುತ್ತಿದ್ದಳು, ಆಮೇಲೆ ಮನೆಯವರ ಮುಖ. ಎಷ್ಟನೇ ಕಾಫಿಯಾದರೂ ಬೇಡ ಎನ್ನುತ್ತಿರಲಿಲ್ಲ. ಯಜಮಾನ ಸೋಫಾ ತೋರಿಸಿದರೂ ಹೋಗಿ ಅಡುಗೆಮನೆ ಬಾಗಿಲಲ್ಲಿ ಕೂರುತ್ತಿದ್ದಳು. ಏಳುವಾಗ ತಪ್ಪದೆ "ಮತ್ತೆ ಬತ್ತೀನಿ ಕಣಮ್ಮಾ" ಎನ್ನುತ್ತಿದ್ದಳು.

"ಬಾಯ್ಬುಟ್ಟು ಓಟು ಕೇಳ್ಬ್ಯಾಡ. ಬತ್ತೀನಿ ಅನ್ನು. ಅಂಗಂದೋರ್ನ ಜನ ಮರೆಯಕಿಲ್ಲ."

"ಹೋಗ್ದೇ ಇದ್ರೆ?"

"ಎಲ್ಲಾರ್ ಮನೆಗೂ ಯಾರ್ ಓಯ್ತಾರೆ? ಸುಮ್ಕೆ ಅನ್ನು."

ವೇಣಿಗೆ ಅದು ಬಾಯಿಪಾಠವಾಯಿತು. ಮೆಡಿಕಲ್ ಶಾಪಿನವನಿಗೂ ಆಟೋದವನಿಗೂ ಮತ್ತೆ ಬರ್ತೀನಿ ಎಂದು ಕೈ ಮುಗಿದು ಬಂದಳು.

ಅವಳ ಕಣ್ಣಿದ್ದದ್ದು ರಾಮಕ್ಕನ ಮೇಲೆ. ಊರ ಹಿಂಬದಿಯ ಬಾಡಿಗೆ ಮನೆಗಳಲ್ಲಿ ಬಹುಪಾಲು ರಾಮಕ್ಕನವು, ಅವಳ ಗಂಡ ಚಿಕ್ಕಬೈರಪ್ಪನವು. ರಾಮಕ್ಕ ಜೊತೆಗೆ ನಿಂತರೆ ಹಳೇ ಊರಿನವರು ಒಪ್ಪುತ್ತಾರೆ, ಬಾಡಿಗೆಯವರು ಕಿವಿಗೊಡುತ್ತಾರೆ. ಅವಳು ಮುಖ ತಿರುಗಿಸಿದರೆ ನಾಮಪತ್ರ ಹಾಕುವುದೇ ದಂಡ. "ನಮ್ಮೆಜಮಾನ್ರ ಕೇಳಿ ಯೋಳ್ತೀನಿ" ಎಂದಿದ್ದಳು ರಾಮಕ್ಕ, ನಗುತ್ತಲೇ.

ಆ ವಾರವೇ ಚಿಕ್ಕಬೈರಪ್ಪ ಹೃದಯಾಘಾತವಾಗಿ ತೀರಿಕೊಂಡ.

ವೇಣಿ ಹೋದಳು. ರಾಮಕ್ಕನ ಪಕ್ಕದಲ್ಲಿ ಕುಳಿತಳು. ಹೊತ್ತಾದ ಮೇಲೆ ಎದ್ದು ಕೈ ಮುಗಿದಳು. ಬಾಯಿ ತಾನಾಗಿ ಆಡಿತು: "ಮತ್ತೆ ಬರ್ತೀನಿ ರಾಮಕ್ಕ."

ಅಳು ನಿಂತುಹೋಯಿತು. ಸಾವಿನ ಮನೆಯಿಂದ ಯಾರೂ ಹೇಳಿ ಹೋಗುವುದಿಲ್ಲ. ಮತ್ತೆ ಬರುತ್ತೇನೆ ಎಂದರೆ ಇನ್ನೊಂದು ಸಾವಿಗೆ ಬರುತ್ತೇನೆ ಎಂದ ಹಾಗೆ.

"ಥೂ, ಬುಡ್ತು ಅನ್ನೇ!" ರಾಮಕ್ಕನ ತಂಗಿ ದೇವಕ್ಕ ಎದ್ದು ನಿಂತಳು. "ಇನ್ಯಾರು ಸಾಯ್ಲಿ ಅಂತ ಬತ್ತೀಯೆ?"

ಕತ್ತಲಾಗುವುದರೊಳಗೆ ಮಾತು ಟೀ ಅಂಗಡಿ ಮುಟ್ಟಿತ್ತು. "ಆ ಹುಡುಗಿ ಓಟು ಕೇಳಕ್ಕೆ ಬಂದ್ರೆ ಮನೇಲಿ ಎಲ್ರೂ ಗಟ್ಟಿಯಾಗಿದಾರಾ ನೋಡ್ಕೊಳ್ಳಿ ಗುರು" ಎಂದು ಲಕ್ಷ್ಮಣಪ್ಪ ನಗಿಸಿದನಂತೆ.

"ಆ ಬೀದಿಗೆ ಕಾಲಿಕ್ಬ್ಯಾಡ. ರಾಮಕ್ಕ ಕೈಬುಟ್ಟೋದ್ಲು ಅನ್ಕೋ" ಎಂದಳು ಬಸಕ್ಕ.

ವೇಣಿ ಕಾಲಿಡಲಿಲ್ಲ. ತಿಥಿಯೂ ಮುಗಿಯಿತು. ಶಾಮಿಯಾನ ಬಿಚ್ಚಿದರು, ಕುರ್ಚಿಗಳು ಟೆಂಪೋ ಏರಿದವು, ನೆಂಟರ ಕಾರುಗಳು ಹೊರಟವು. ಅವಳಿಗೆ ಇನ್ನೊಂದು ಕುತೂಹಲ ಹತ್ತಿಕೊಂಡಿತ್ತು. ಹೇಳದೆ ಹೋದವರೆಲ್ಲ ಹೋದ ಮೇಲೆ ಆ ಮನೆಯಲ್ಲಿ ಏನು ನಡೆಯುತ್ತದೆ? ಒಂದು ಮಧ್ಯಾಹ್ನ ಬಸಕ್ಕನಿಗೆ ಹೇಳದೆ ಹೋದಳು.

ರಾಮಕ್ಕ ಸಂಪಿನ ಪಕ್ಕ ಒಬ್ಬಳೇ ನಿಂತಿದ್ದಳು. ಮೇಲಿನ ಮಹಡಿಗಳಿಂದ ಬಾಡಿಗೆಯವರು ನೀರಿಗಾಗಿ "ಆಂಟಿ, ಪಾನಿ!" "ತಣ್ಣಿ ಇಲ್ಲ ಆಂಟಿ!" ಎಂದು ಕೂಗುತ್ತಿದ್ದರು. ಯಾವ ವಾಲ್ವು ಯಾವ ಮನೆಗಳದ್ದು ಎಂಬುದು ಚಿಕ್ಕಬೈರಪ್ಪನೊಬ್ಬನಿಗೇ ಗೊತ್ತಿತ್ತು.

ಗೇಟಿನ ಸದ್ದಿಗೆ ರಾಮಕ್ಕ ತಿರುಗಿದಳು.

"ಬಂದ್ಯಾ?"

"ಬರ್ತೀನಿ ಅಂದಿದ್ನಲ್ಲಕ್ಕ. ಅನ್ಬಾರ್ದಿತ್ತು. ಆದ್ರೂ ಅಂದಿದ್ದೆ."

ರಾಮಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. "ಅವತ್ತು ಮನೆ ತುಂಬಾ ಜನ. ಎಲ್ಲಾರೂ ಯೋಳ್ದೆ ಎದ್ದೋದ್ರು. ಅದು ಪದ್ಧತಿ. ಆಮ್ಯಾಲೆ ಒಬ್ರೂ ಬರ್ನಿಲ್ಲ. ಅದೂ ಪದ್ಧತಿನೇ ಇರ್ಬೇಕು. ಬತ್ತೀನಿ ಅಂದೋಳು ನೀನೊಬ್ಳೇ. ಬತ್ತಾಳೋ ಇಲ್ವೋ ನೋಡಾಣ ಅಂತ ಗೇಟು ನೋಡ್ತಿದ್ದೆ."

ವೇಣಿ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಒಂದೊಂದೇ ವಾಲ್ವು ತಿರುಗಿಸುವುದು, ರಾಮಕ್ಕ ಕತ್ತೆತ್ತಿ "ಬಂತಾ?" ಎನ್ನುವುದು, ಮೇಲಿನಿಂದ "ಇಲ್ಲ!" ಎನ್ನುವುದು. ಕೊನೆಗೆ ಎಲ್ಲೋ ಬಕೆಟ್ಟಿಗೆ ನೀರು ಬಿದ್ದ ಸದ್ದು ಕೇಳಿ ಇಬ್ಬರೂ ಮೆಟ್ಟಿಲ ಮೇಲೆ ಕುಳಿತರು.

"ಓಟಿನ ಮಾತೆತ್ತಲ್ವಾ?" ಎಂದಳು ರಾಮಕ್ಕ.

"ಇವತ್ತು ಬೇಡ ಅಕ್ಕ."

"ಅದಕ್ಕೇ ತಾನೇ ಬಂದಿರಾದು?"

ವೇಣಿ ಯೋಚಿಸಿದಳು. "ಅದಕ್ಕೂ ಬಂದೆ."

ರಾಮಕ್ಕ ನಕ್ಕಳು. ನಕ್ಕದ್ದಕ್ಕೆ ತಾನೇ ಬೆಚ್ಚಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆಮೇಲೆ ಹೇಳಿದಳು: "ನಿನ್ ಜೊತೆ ಬತ್ತೀನಿ. ಆದ್ರೆ ವರ್ಸ ತುಂಬಾಗಂಟ ನಾನು ಯಾರ ಒಸ್ಲೂ ತುಳಿಯಂಗಿಲ್ಲ."

"ಮತ್ತೆ ಹೆಂಗಕ್ಕ?"

"ಬೀದಿಗೇನು ಸೂತಕ? ಬೀದೀಲಿ ನಿಂತ್ಕತೀನಿ."

ಆ ಭಾನುವಾರ ರಾಮಕ್ಕ ಮೊದಲ ಗೇಟಿನ ಹೊರಗೆ ನಿಂತು ಕೂಗಿದಳು: "ಬೈರಮ್ಮಾ, ಈಚೆ ಬಾ!" ಬೈರಮ್ಮ ಬಂದಳು. ಪಕ್ಕದ ಮನೆಯವರು ಯಾಕೆಂದು ನೋಡಲು ಬಂದರು. ಮಹಡಿಗಳಿಂದ ಬಾಡಿಗೆ ಹುಡುಗಿಯರು ಒದ್ದೆ ಕೂದಲಲ್ಲೇ ಇಳಿದರು. ಒಳಗೆ ಕುಳಿತು ಕಾಫಿ ಕುಡಿಯುವಾಗ ಒಬ್ಬೊಬ್ಬರೂ ವೇಣಿಯ ಕಿವಿಯಲ್ಲಿ ಹೇಳಿದ್ದ ದೂರುಗಳು ಇಲ್ಲಿ ನೇರ ಎದುರಾದವು. "ನಿಮ್ಮನೆ ಕೊಳಚೆ ನೀರೇ ಕಣ್ರೀ ನಮ್ಮ ಮೋರಿಗೆ ಬರೋದು" ಎಂದಳು ಒಬ್ಬ ಹುಡುಗಿ. "ಯಾರೇ ಅಂಗಂದೋಳು?" ಎಂದು ಬೈರಮ್ಮ ಸೊಂಟಕ್ಕೆ ಕೈಯಿಟ್ಟಳು. ವೇಣಿ ನಡುವೆ ನಿಂತು ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿದಳು. ಯಾವ ಮನೆಯೊಳಗೂ ಇದು ಅವಳಿಗೆ ಸಿಕ್ಕಿರಲಿಲ್ಲ.

"ಇದ್ಯಾವ್ ಸೀಮೆ ರಾಜಕೀಯನೇ?" ಎಂದು ಬಸಕ್ಕ ದೂರದಲ್ಲಿ ಗಲ್ಲಕ್ಕೆ ಕೈಯಿಟ್ಟು ನಿಂತಿದ್ದಳು.

ಗುಂಪು ಕರಗುವ ಹೊತ್ತಿಗೆ ವೇಣಿ ಕೈ ಮುಗಿದಳು. "ಮತ್ತೆ ಬರ್ತೀನಿ" ಎಂದವಳು ಗಕ್ಕನೆ ರಾಮಕ್ಕನ ಮುಖ ನೋಡಿದಳು.

"ಯಾವತ್ತು ಅಂತ ಯೋಳು" ಎಂದಳು ರಾಮಕ್ಕ.

"ಗುರುವಾರ."

"ಮಾರ್ನಿಂಗಾ, ಈವ್ನಿಂಗಾ ಅಕ್ಕ?" ಮೇಲಿನ ಮಹಡಿಯಿಂದ ಯಾರೋ ಕೇಳಿದರು.