ಶ್ರಾವಣದಲ್ಲಿ ಹುಟ್ಟಿದ ಜೀವಕೋಶ

ನಾನು ತಿಪ್ಪೇಶಿಯ ಯಕೃತ್ತಿನ ಒಂದು ಜೀವಕೋಶ. ಸತ್ತ ಕೋಶವೊಂದರ ಜಾಗ ತುಂಬಲು ಪಕ್ಕದ ಕೋಶ ಎರಡಾಯಿತು. ಹಾಗೆ ಹುಟ್ಟಿದವನು ನಾನು. ಆಗ ಶ್ರಾವಣ. ದಾವಣಗೆರೆಯ ಭಟ್ಟಿಯೊಂದರಲ್ಲಿ ಮಂಡಕ್ಕಿ ಹುರಿಯುವ ತಿಪ್ಪೇಶಿ ಆ ತಿಂಗಳು ಮಾತ್ರ ಕುಡಿಯುವುದಿಲ್ಲ. ಹಾಗಾಗಿ ನನ್ನ ಬಾಲ್ಯ ಸುಖವಾಗಿತ್ತು. ರಕ್ತ ಸೋಸುತ್ತಿದ್ದೆ, ಪಿತ್ತರಸ ಮಾಡುತ್ತಿದ್ದೆ, ಸಕ್ಕರೆ ಕೂಡಿಡುತ್ತಿದ್ದೆ. ದುಡಿಮೆಗೆ ನಾನು ಹಿಂಜರಿದವನೇ ಅಲ್ಲ.

"ನೋಡು, ಒಂದು ಹನಿನೂ ಮುಟ್ಟಿಲ್ಲ. ಬಿಡಬೇಕಂದ್ರೆ ನಂಗೇನ್ ಕಷ್ಟ?" ಎಂದು ಅವನು ಹೆಂಡತಿ ಹಾಲಮ್ಮನ ಮುಂದೆ ಜಂಬ ಕೊಚ್ಚುತ್ತಿದ್ದ. ಕಿವಿಯಿಲ್ಲದ ನನಗೆ ಇದು ಹೇಗೆ ಕೇಳಿಸಿತು ಎನ್ನಬೇಡಿ. ಪಕ್ಕೆಲುಬಿನ ಕೆಳಗೇ ಇರುವವನು ನಾನು, ಮಾತಿನ ಅದುರು ಎದೆಗೂಡಿನಿಂದ ನನಗೂ ತಲುಪುತ್ತದೆ.

"ಹಂಗಾರೆ ಶ್ರಾವಣ ಮುಗಿದ್ ಮೇಲೂ ಹಿಂಗೇ ಇರ್ರಿ" ಎಂದಳು ಹಾಲಮ್ಮ.

ಇರಲಿಲ್ಲ. ತಿಂಗಳು ಮುಗಿದ ಮರುದಿನವೇ ಭಟ್ಟಿಯ ಗೆಳೆಯರ ಜೊತೆ ಕೂತು ಗಂಟಲ ಮಟ್ಟ ಕುಡಿದ. ಮದ್ಯವನ್ನು ಒಡೆದು ಹೊರಹಾಕುವುದು ನಮ್ಮದೇ ಕೆಲಸ. ಒಡೆಯುವಾಗ ಹುಟ್ಟುವ ವಿಷ ಮೊದಲು ನಮ್ಮನ್ನೇ ಸುಡುತ್ತದೆ. ದಿನಾ ಕುಡಿದ. ನನ್ನೊಳಗೆ ಕೊಬ್ಬು ತುಂಬಿತು, ಮೈ ಊದಿತು. ಉಸಿರು ಕಟ್ಟಿದರೆ ಯಾರೇ ಆದರೂ ಕೂಗುತ್ತಾರೆ, ನಾನೂ ಕೂಗಿದೆ. ನಮ್ಮ ಕೂಗು ಶಬ್ದವಲ್ಲ, ರಕ್ತಕ್ಕೆ ಬಿಡುವ ರಾಸಾಯನಿಕ. ಅದರ ಜಾಡು ಹಿಡಿದು ಬಿಳಿ ರಕ್ತಕಣಗಳು ಓಡಿಬಂದವು. ರೋಗಾಣುಗಳ ಮೇಲೆ ಎರಚಬೇಕಾದ ವಿಷವನ್ನು ನಮ್ಮ ಮೇಲೇ ಎರಚಿದವು. ಪೆಟ್ಟು ತಿಂದ ನೆರೆಯವರೂ ಕೂಗಿದರು. ಇನ್ನಷ್ಟು ಬಂದವು. ಸಹಾಯ ಕೇಳಿದ್ದಕ್ಕೆ ಇಂಥ ಶಿಕ್ಷೆಯೇ? ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ತಿಪ್ಪೇಶಿಯ ಕಣ್ಣು ಹಳದಿಯಾಯಿತು. "ಭಟ್ಟಿ ಕಾವು" ಎಂದ. ಹೊಟ್ಟೆ ಉಬ್ಬಿದಾಗಲೂ, "ಶ್ರಾವಣ ಬರ್ಲಿ, ಎಲ್ಲಾ ಸರಿ ಹೋಗ್ತತಿ" ಎಂದ. ವರ್ಷಕ್ಕೊಂದು ತಿಂಗಳು ಬಿಟ್ಟರೆ ಒಳಗೆಲ್ಲ ತೊಳೆದು ಹೋಗುತ್ತದೆ ಎಂದು ಭಟ್ಟಿಯವರೆಲ್ಲ ನಂಬಿದ್ದರು. ಶ್ರಾವಣಕ್ಕೆ ಮುಂಚೆಯೇ ಅವನು ಒಲೆಯ ಮುಂದೆ ಕುಸಿದು ಬಿದ್ದ.

ಆಸ್ಪತ್ರೆಯಲ್ಲಿ ಹಾಲಮ್ಮನ ತಲೆ ಮುಟ್ಟಿ ಆಣೆ ಮಾಡಿದ. ಈ ಸಲ ನಿಜವಾಗಿ ಬಿಟ್ಟ. ಅದನ್ನು ನೆನೆದರೇ ನನಗೆ ಹೆಚ್ಚು ಸಂಕಟ. ಸತ್ತವರ ಜಾಗಕ್ಕೆ ಈಗ ಹೊಸಬರು ಬರುತ್ತಿಲ್ಲ. ಕೂಗಿಗೆ ಬಿಳಿ ಕಣಗಳು ಈಗಲೂ ಓಡಿಬರುತ್ತಿವೆ, ಅವು ಸುಟ್ಟ ಕಡೆಯೆಲ್ಲ ಗಟ್ಟಿ ನಾರು ಬೆಳೆದಿದೆ. ಅದರ ನಡುವಿನ ಮೂಲೆಯಲ್ಲಿ ನಾನು ಮುದುಕನಾಗಿ ಕೂತಿದ್ದೇನೆ.

"ಬಿಟ್ಟಾರಲ್ರೀ ಡಾಕ್ಟ್ರೇ, ಇನ್ನೂ ಯಾಕೆ ಹಳದಿ ಇಳೀತಿಲ್ಲ?" ಹಾಲಮ್ಮ ದಿನಾ ಕೇಳುತ್ತಾಳೆ.

"ನೋಡೋಣಮ್ಮ" ಎಂದು ಡಾಕ್ಟರು ಮುಂದಿನ ಮಂಚಕ್ಕೆ ಹೋಗುತ್ತಾರೆ.

ಅವನು ಕುಡಿಯುವುದನ್ನು ನಿಲ್ಲಿಸಿದ್ದಾನೆ, ತಾಯಿ. ಕೂಗುವುದನ್ನು ನಿಲ್ಲಿಸಲು ನಮ್ಮಿಂದ ಆಗುತ್ತಿಲ್ಲ.