ನೀರು ಇಳಿಯದ ಸಾಕೆಟ್ಟು

ನನ್ನ ಕೆಲಸದಲ್ಲಿ ಯಾರಾದರೂ ಕೊಂಕು ತೆಗೆದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಚಿತ್ರದುರ್ಗದಲ್ಲಿ ಗಾಡಿ ವೈರಿಂಗ್ ಮಾಡುವವರು ಹತ್ತಾರು ಜನ ಇದ್ದಾರು, ಶಾಹಿದ್ ಕೈಯಿಟ್ಟ ಗಾಡಿ ಮಾತ್ರ ದಾರಿಯಲ್ಲಿ ನಿಂತದ್ದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ.

ಅನುಸೂಯಕ್ಕ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ನನ್ನ ಅಂಗಡಿಗೆ ತಂದದ್ದು ಗಂಡನಿಗಾಗಿ. ಹನುಮಂತಯ್ಯನವರು ಮೂವತ್ತು ವರ್ಷ ಕಲ್ಲಿನ ಕ್ರಷರ್‌ನಲ್ಲಿ ದುಡಿದು ಶ್ವಾಸಕೋಶ ಕಳೆದುಕೊಂಡವರು. ಹಗಲೂ ರಾತ್ರಿ ಮೂಗಿನಲ್ಲಿ ನಳಿಗೆ. ಅದಕ್ಕೆ ಆಕ್ಸಿಜನ್ ಕೊಡುವ ಮಿಷನ್ನು ಕರೆಂಟಿಲ್ಲದೆ ಓಡದು. ಅವರಿಗೆ ಉಳಿದಿದ್ದ ಆಸೆ ಒಂದೇ. ಬಿ.ದುರ್ಗದಲ್ಲಿ ತಮ್ಮ ಕಾಟಯ್ಯನ ಕುರಿರೊಪ್ಪದ ಪಕ್ಕ ಎರಡು ದಿನ ಇದ್ದು ಬರಬೇಕು.

ಗಾಡಿಯೊಳಗೆ ಮಂಚ, ಬ್ಯಾಟರಿ, ಇನ್ವರ್ಟರ್ ಎಲ್ಲ ಇತ್ತು. ಹೊರಗಿನಿಂದ ಕರೆಂಟ್ ತೆಗೆದುಕೊಳ್ಳುವ ಸಾಕೆಟ್ಟು ಮಾತ್ರ ಮಳೆನೀರು ಇಳಿದು ಕಿಲುಬು ಹಿಡಿದಿತ್ತು. ಕಿತ್ತೆಸೆದು ಮುಚ್ಚಳವಿರುವ ಹೊಸದನ್ನು ಕೂರಿಸಿದೆ. ಸುತ್ತ ರಬ್ಬರ್ ವಾಷರ್, ಅದರ ಮೇಲೆ ಸಿಲಿಕಾನ್. ಒಳಗೆ, ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು. ಆಮೇಲೆ ಕಾಲು ಗಂಟೆ ಪೈಪಿನಲ್ಲಿ ನೀರು ಬಿಟ್ಟು, ಮುಚ್ಚಳ ತೆರೆದು ತೋರಿಸಿದೆ. ಒಂದು ಹನಿ ಇಳಿದಿರಲಿಲ್ಲ.

"ಮನೆ ಪ್ಲಗ್ಗಿಂದ ಮಾತ್ರ ಲೈನ್ ತಗಳ್ರಿ ಅಕ್ಕ" ಅಂದೆ.

"ಆಗಲಪ್ಪ. ಆಕ್ಸಿಜನ್ದು ಸಣ್ಣ ಸಿಲಿಂಡರ್ ಒಂದು ತಂದೀನಿ, ಮಂಚದ ಪಕ್ಕ ಕಟ್ಟಾಕಾಗ್ತೈತಾ?"

ನನಗೆ ಸಿಟ್ಟು ಬಂತು. "ನನ್ ಕೆಲಸದ ಮ್ಯಾಲೆ ನಂಬಿಕೆ ಇಲ್ವೇನಕ್ಕ? ಕರೆಂಟ್ ಹೋದ್ರೂ ಬ್ಯಾಟರಿ ಐತೆ. ಜಾಗ ದಂಡ, ಇಲ್ಲೇ ಇಟ್ಟು ಹೋಗ್ರಿ."

ಅಕ್ಕ ನಕ್ಕು, ಅಂಗಡಿಯ ಮೂಲೆಯಲ್ಲಿ ಸಿಲಿಂಡರ್ ಇಟ್ಟು ಹೋದರು.

ಮಾರನೆಯ ದಿನ ಮಧ್ಯಾಹ್ನ ಬಿ.ದುರ್ಗದಿಂದ ಅವರ ಫೋನು ಬಂತು. "ಶಾಹಿದಾ, ಪಟ್ ಅಂತು, ಹೊಗೆ ಬಂತು. ಮಿಷನ್ ನಿಂತೈತೆ. ಇನ್ವರ್ಟರೂ ಆನ್ ಆಗ್ತಿಲ್ಲ."

"ಲೈನ್ ಎಲ್ಲಿಂದ ತಗಂಡ್ರಿ?"

ಅಕ್ಕ ತೊದಲುತ್ತ ಹೇಳಿದರು. ಮನೆಯ ಬಲ್ಬು ಮಿಣಿಮಿಣಿ ಅನ್ನುತ್ತಿತ್ತಂತೆ. ಕಾಟಯ್ಯನಿಗೆ ತಡೆಯಲಾಗಲಿಲ್ಲ. ಅಣ್ಣ ಇಷ್ಟು ವರ್ಷಕ್ಕೆ ಬಂದಿದ್ದಾನೆ, ಈ ಸತ್ತ ಕರೆಂಟು ಕೊಡುವುದೇ ಎಂದು ವೈರಿನ ಪ್ಲಗ್ ಕತ್ತರಿಸಿ, ಬೋರ್‌ವೆಲ್ ಮೋಟ್ರಿನ ಸ್ಟಾರ್ಟರಿಗೆ ತಾನೇ ಕಟ್ಟಿದ್ದ. ಗಂಡನ ಮುಖ ಅರಳಿದ್ದು ನೋಡಿ ಅಕ್ಕನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ.

ಮಿಷನ್ನಿಗೆ ಬೇಕಾದ್ದು ಮನೆಯ ಇನ್ನೂರಮೂವತ್ತು, ಅಲ್ಲಿ ಎರಡು ಫೇಸು ಸೇರಿ ನಾನೂರರ ಮೇಲೆ ವೋಲ್ಟೇಜು. ನಾನು ಹಾಕಿದ್ದ ಸ್ವಿಚ್ಚು ಸೋರಿಕೆಗಷ್ಟೇ ಬೀಳುವುದು, ಇದು ಅದರ ಕಣ್ಣಿಗೇ ಬೀಳದು. ಹೆಚ್ಚಿನ ವೋಲ್ಟೇಜು ಬಂದರೆ ಲೈನ್ ಕಡಿಯುವ ಸಣ್ಣ ಡಬ್ಬಿ ಬೇರೆ ಸಿಗುತ್ತದೆ. ನೀರಿನ ಚಿಂತೆಯಲ್ಲಿ ಅದು ನನ್ನ ತಲೆಗೇ ಬಂದಿರಲಿಲ್ಲ.

"ವೈರ್ ಕಿತ್ತು, ಸೀದಾ ಹೊಳಲ್ಕೆರೆ ಆಸ್ಪತ್ರೆಗೆ ಹೊಡಿಸ್ರಿ" ಎಂದು ಕಿರುಚಿದೆ. ಡ್ರೈವರ್ ಜುಂಜೇಶ್ ಗಾಡಿ ಎತ್ತಿದ. ಫೋನಿನಲ್ಲಿ ಹಾರ್ನ್ ಒಂದೇ ಸಮ ಕೇಳುತ್ತಿತ್ತು. ಅದರ ನಡುವೆ ಅಕ್ಕನ ದನಿ, "ಉಸಿರು ತಗಳ್ರಿ, ಇನ್ನೊಂದು ತಗಳ್ರಿ." ಸೀಲು ಒಡೆಯದ ಸಿಲಿಂಡರ್ ನನ್ನೆದುರು ಮೂಲೆಯಲ್ಲಿ ನಿಂತಿತ್ತು. ಅದನ್ನೆತ್ತಿ ಸ್ಕೂಟರಿನ ಮೇಲಿಟ್ಟೆ, ಮತ್ತೆ ಇಳಿಸಿದೆ, ಮತ್ತೆ ಇಟ್ಟೆ. ಎಷ್ಟು ಜೋರಾಗಿ ಹೋದರೂ ನಾನು ಅವರನ್ನು ಮುಟ್ಟುವಂತಿರಲಿಲ್ಲ. ಅಷ್ಟು ಅಸಹಾಯಕನಾಗಿ ನಾನು ಯಾವತ್ತೂ ನಿಂತಿಲ್ಲ.

ಹೊಳಲ್ಕೆರೆ ಮುಟ್ಟುವ ಮೊದಲೇ ಹನುಮಂತಯ್ಯನವರ ಉಸಿರು ನಿಂತಿತು. ಮೊದಲು ಹಾರ್ನ್ ನಿಂತಿತು, ಅದರಿಂದಲೇ ನನಗೆ ತಿಳಿಯಿತು.

ಮಣ್ಣಿಗೆ ಹೋದೆ. ರೊಪ್ಪದ ಪಕ್ಕ ಗಾಡಿ ನಿಂತಿತ್ತು. ಸಾಕೆಟ್ಟಿನ ಮುಚ್ಚಳ ಎತ್ತಿ ನೋಡಿದೆ. ಹಿಂದಿನ ರಾತ್ರಿ ಮಳೆ ಬಂದಿದ್ದರೂ ಒಳಗೆ ಪಿನ್ನುಗಳು ಒಣಗಿ ಹೊಳೆಯುತ್ತಿದ್ದವು. ನಾಚಿಕೆಯಾಗಿ ಮುಚ್ಚಿಬಿಟ್ಟೆ.

ಕಾಟಯ್ಯ ಬಂದು ನನ್ನ ತೋಳು ಹಿಡಿದ. "ನಮ್ ಮೋಟ್ರು ಐದು ವರ್ಷದಿಂದ ಅದೇ ಕರೆಂಟಲ್ಲಿ ಓಡ್ತೈತಪ್ಪ. ಅಣ್ಣಂಗೆ ಅಂತ ಒಳ್ಳೇ ಲೈನೇ ಕೊಟ್ಟೆ. ನಾ ಕೊಟ್ಟಿದ್ರಾಗೆ ಏನಾರ ತಪ್ಪಿತ್ತಾ? ನಿಜ ಹೇಳಪ್ಪ."

ಅನುಸೂಯಕ್ಕ ಹೊಸ್ತಿಲಲ್ಲಿ ಕುಂತಿದ್ದರು. ಮೋಟ್ರಿನ ಲೈನೇ ಮಿಷನ್ ಸುಟ್ಟದ್ದೆಂದು ನಾನು ಹೇಳಿದ್ದರಿಂದ, ಎಲ್ಲ ಗೊತ್ತಿದ್ದವರು ಅವರೊಬ್ಬರೇ. ನನ್ನನ್ನು ನೋಡಿ, ಬೇಡ ಎಂಬಂತೆ ತಲೆ ಅಲ್ಲಾಡಿಸಿದರು.

"ಇಲ್ಲಣ್ಣ" ಅಂದೆ. "ನಿಮ್ ಲೈನ್ ಸರಿ ಇತ್ತು. ನನ್ ಸಾಕೆಟ್ಟಿಗೆ ನೀರು ಇಳಿದಿತ್ತು."

ಕಾಟಯ್ಯ ನನ್ನ ತೋಳು ಬಿಟ್ಟ.

"ನೆಟ್ಟಗೆ ಮಾಡಬಾರದಿತ್ತೇನಪ್ಪ ಕೆಲಸಾನ?"

"ಮಾಡಬೇಕಿತ್ತಣ್ಣ" ಅಂದೆ.