ಕುಂಕುಮದ ಜಾಗ

ಹೆಬ್ಬಗೋಡಿಯ ಗೋಪಾಲಪ್ಪನಿಗೆ ಮೂರು ಮಾಳಿಗೆಯ ಬಾಡಿಗೆ ಮನೆಗಳೂ ಬಾಡಿಗೆದಾರರನ್ನೆಲ್ಲ ನಡುಗಿಸುವ ಗಂಟಲೂ ಇದ್ದವು. ಹೆಂಡತಿ ಅಂಜಿನಮ್ಮನ ಮುಂದೆ ಮಾತ್ರ ಆ ಗಂಟಲಿಗೆ ಬೀಗ.

ಈ ಅಂಜಿನಮ್ಮನ ಹಣೆಯಲ್ಲಿ, ಸರಿಯಾಗಿ ಕುಂಕುಮ ಇಡುವ ಜಾಗದಲ್ಲೇ ಒಂದು ಗಂಟು ಎದ್ದು, ಚರ್ಮದ ಕ್ಯಾನ್ಸರ್ ಎಂದಾಯಿತು. ಹಾಳು ಕ್ಯಾನ್ಸರಿಗೆ ಬೇರೆ ಜಾಗವೇ ಸಿಗಲಿಲ್ಲ, ನೋಡಿ. ಡಾಕ್ಟರ್ ಬಿಂದುಶ್ರೀ ಅವಳನ್ನು ಹೊಸ ಔಷಧಿಯ ಪರೀಕ್ಷೆಗೆ ಸೇರಿಸಿಕೊಂಡು, ಗಂಟಿನ ಮೇಲೆ ಬಿಳಿ ಪಟ್ಟಿಯೊಂದನ್ನು ಅಂಟಿಸಿದರು. ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗಿನ ನ್ಯಾನೋ ನೂಲಿನ ಪಟ್ಟಿ, ನೂಲಿನೊಳಗೆ ಔಷಧಿ. ನೂಲು ಮೆಲ್ಲಗೆ ಕರಗುತ್ತಾ ಔಷಧಿಯನ್ನು ಚರ್ಮಕ್ಕೆ ಬಿಟ್ಟು, ಕೊನೆಗೆ ತಾನೂ ಇಲ್ಲವಾಗುತ್ತದಂತೆ.

"ಹಣೆಗೆ ಏನೂ ಹಚ್ಚಬಾರದು ಅಮ್ಮ. ಬೈತಲೆಗೂ ಬೇಡ, ಪುಡಿ ಉದುರುತ್ತೆ."

ಅಂಜಿನಮ್ಮ ಕೋಲೆ ಬಸವನಂತೆ ತಲೆಯಾಡಿಸಿದಳು. ಮನೆಗೆ ಬಂದವಳೇ ಪಟ್ಟಿಯ ಮೇಲೆ ಕಾಸಗಲ ಕುಂಕುಮ ಮೆತ್ತಿದಳು. ಮುಂದಿನ ಸಲ ಡಾಕ್ಟರು ಆ ಪಟ್ಟಿಯನ್ನು ತೆಗೆದೆಸೆಯಬೇಕಾಯಿತು. "ಇನ್ನೊಂದು ಹಾಕ್ತೀನಿ. ಇದೂ ಹಾಳಾದ್ರೆ ಪರೀಕ್ಷೆಯಿಂದ ಬಿಡಿಸ್ತಾರೆ. ಆಮೇಲೆ ಹಣೆ ಕೊಯ್ಯೋದೇ ದಾರಿ," ಎಂದರು. ಜೊತೆಗೆ ಬಂದಿದ್ದ ಗೋಪಾಲಪ್ಪ ಹೆಂಡತಿಯನ್ನು ಆಟೋ ಹತ್ತಿಸಿದ.

"ಗಂಡ ಗುಂಡುಕಲ್ಲಿನಂಗೆ ಇರೋವಾಗ ಬೋಳು ಅಣೇಲಿ ಎಂಗ್ರೀ ಓಡಾಡ್ಲಿ?" ಎಂದಳು ಅಂಜಿನಮ್ಮ ಆಟೋದಲ್ಲಿ. "ನಾಳಿದ್ದು ಆನೇಕಲ್ನಾಗೆ ಮುನಿಯಕ್ಕನ ಮನೆ ಪೂಜೆ. ಅರಿಶಿನ ಕುಂಕುಮ ಕೊಡೋವಾಗ ನನ್ನ ಬಿಟ್ಟು ಮುಂದಕ್ಕೋದ್ರೆ?"

"ಅಷ್ಟೇ ತಾನೆ? ಕುಂಕುಮದ ಬದ್ಲು ನಾನೇ ಬತ್ತೀನಿ."

ಬಂದೇಬಿಟ್ಟ. ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೆಂಗಸರ ಸಾಲಿನಲ್ಲಿ ಹೆಂಡತಿಯ ಪಕ್ಕ ಚಾಪೆಯ ಮೇಲೆ ಕೂತ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ತಟ್ಟೆ ಹಿಡಿದು ಬಂದ ಮುನಿಯಕ್ಕ ಅಂಜಿನಮ್ಮನ ಹಣೆ ಕಂಡು ತಡೆದು ನಿಂತಾಗ, ಗೋಪಾಲಪ್ಪ ಬಾಡಿಗೆ ಕೇಳುವ ದನಿಯಲ್ಲೇ ಕೂಗಿದ:

"ಬದುಕಿವ್ನಿ ಕಣಕ್ಕ! ಅವಳ ಅಣೆಗೆ ಔಸ್ದಿ ಆಕವ್ರೆ. ಅವಳ ಕುಂಕುಮ ನನ್ನ ಅಣೆಗಿಡು!"

ಮುನಿಯಕ್ಕ ನಗು ತಡೆಯಲಾರದೆ ಇಟ್ಟೂಬಿಟ್ಟಳು, ಅದೂ ಕಾಸಗಲ. ಅಲ್ಲಿಂದ ಮುಂದೆ ಸೀಮಂತ, ನಾಮಕರಣ, ಎಲ್ಲೆಡೆಗೂ ಅಂಜಿನಮ್ಮ ಗಂಡನನ್ನು ಎಳೆದೊಯ್ದಳು. ಅವನ ಹಣೆ ನೋಡಿ ಬಾಡಿಗೆದಾರರು ಹೆದರುವುದನ್ನೇ ಬಿಟ್ಟರು. ಆದರೆ ಪಟ್ಟಿಯನ್ನು ಯಾರೂ ಮುಟ್ಟಲಿಲ್ಲ.

ಪಟ್ಟಿ ಕರಗಿತು, ಗಂಟೂ ಇಳಿಯಿತು. ಆ ಜಾಗದ ಚೂರು ಚರ್ಮ ತೆಗೆದು ಪರೀಕ್ಷಿಸಿದ ಡಾಕ್ಟರು, "ಕ್ಯಾನ್ಸರ್ ಕಾಣ್ತಿಲ್ಲ. ಗಾಯ ಒಣಗಿದ ಮೇಲೆ ಕುಂಕುಮ ಇಡಬಹುದು," ಎಂದರು. ಗೋಪಾಲಪ್ಪ ಎಲ್ಲರೆದುರೇ ಗಳಗಳ ಅತ್ತ.

ಗಾಯ ಒಣಗಿತು. ಅಂಜಿನಮ್ಮ ಹಣೆತುಂಬ ಕುಂಕುಮ ಇಟ್ಟು ಪಕ್ಕದ ಬೀದಿಯ ಪೂಜೆಗೆ ಹೊರಟಳು. ಬಾಗಿಲಲ್ಲಿ ಗೋಪಾಲಪ್ಪ ಇಸ್ತ್ರಿ ಪಂಚೆಯಲ್ಲಿ ನಿಂತಿದ್ದ.

"ಇನ್ನು ನೀವ್ಯಾಕ್ರೀ?"

"ಅವ್ರ ಮನೆ ಕೋಸಂಬರಿ ಚೆನ್ನಾಗಿರ್ತದಂತೆ..."

ಅಂಜಿನಮ್ಮ ಒಳಗೆ ಹೋಗಿ ಕುಂಕುಮದ ಭರಣಿ ತಂದಳು.

"ಬಗ್ಗಿ," ಎಂದು ಅವನ ಹಣೆಗಿಟ್ಟಳು. "ಹೆಂಡ್ತಿ ಬದುಕಿರೋವಾಗ ಬೋಳು ಅಣೇಲಿ ಓಡಾಡ್ಬಾರ್ದು."